ಬಲಗಾಲಿನ ಕೆಂಪು ದಾರ

ಅವರ ಷರಟಿನ ಎರಡನೆಯ ಗುಂಡಿಗೆ ಯಾವಾಗಲೂ ಒಂದು ಗೊಂಚಲು ಕೆಂಪು ದಾರ ನೇತಾಡುತ್ತಿತ್ತು. ಗೇಣುದ್ದಕ್ಕೆ ಕತ್ತರಿಸಿದ ಉಣ್ಣೆಯ ದಾರ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು, ಎದೆಯ ಮೇಲೆ ಈ ದಾರ. ಮಧುಗಿರಿಯಲ್ಲಿ ಅವರನ್ನು ಹೊಸದಾಗಿ ನೋಡಿದವರು ಯಾವುದೋ ಹರಕೆ ಇರಬೇಕು ಅಂದುಕೊಳ್ಳುತ್ತಿದ್ದರು. ಹಳಬರು ಕೇಳುವುದನ್ನೇ ಬಿಟ್ಟಿದ್ದರು.

ಬೀದಿಗೆಲ್ಲ ಅವರು ಮಿಲ್ಟ್ರಿ ಮಾವ. ‘ಮಿಲ್ಟ್ರಿ ಅಲ್ಲ ಕಣಮ್ಮ, ಏರ್‌ಫೋರ್ಸು,’ ಅಂತ ತಿದ್ದುತ್ತಿದ್ದರು. ಯಾರೂ ತಿದ್ದಿಕೊಳ್ಳಲಿಲ್ಲ, ನಾನೂ ತಿದ್ದಿಕೊಳ್ಳಲಿಲ್ಲ. ಹುಟ್ಟಿದ್ದು ಪಟ್ಟನಾಯಕನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಮೀಸೆ ಚಿಗುರುವ ವಯಸ್ಸಿಗೆ ವಾಯುಪಡೆ ಸೇರಿ, ಮೂವತ್ತು ವರ್ಷ ಬೇರೆಯವರು ಹಾರಿಸುವ ವಿಮಾನಗಳ ಬೋಲ್ಟು ಬಿಗಿ ಮಾಡಿ, ನಿವೃತ್ತರಾಗಿ ಮಧುಗಿರಿಗೆ ಬಂದು ನೆಲೆಸಿದರು. ಅಷ್ಟು ವರ್ಷದಲ್ಲಿ ಒಂದು ಸಲವೂ ತಾವು ಹಾರಿಸಿರಲಿಲ್ಲ. ಅದೊಂದು ಉಳಿದುಹೋಗಿತ್ತು. ನಿವೃತ್ತಿಯಾದ ಮೇಲೆ ಬೆಂಗಳೂರಿನ ಆಚೆಯ ಒಂದು ಕ್ಲಬ್ಬಿಗೆ ಹೋಗಿ ಸಣ್ಣ ವಿಮಾನ ಹಾರಿಸುವುದು ಕಲಿತರು, ಲೈಸೆನ್ಸೂ ತಗೊಂಡರು. ಆಮೇಲೆ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಎರಡು ಸೀಟಿನ ವಿಮಾನವೊಂದನ್ನು ತರಿಸಿ, ಅಣ್ಣನ ಮುಚ್ಚಿಹೋದ ಕಡಲೆಕಾಯಿ ಮಿಲ್ಲಿನಲ್ಲಿ ಜೋಡಿಸಲು ಕೂತರು.

ನನ್ನ ಅಂಗಡಿಗೆ ಅವರು ಮೊದಲು ಬಂದದ್ದು ಆ ವಿಮಾನದ ಸೀಟು ಹೊಲಿಸಲು. ಅಂಗಡಿ ನಮ್ಮ ಯಜಮಾನರದು, ಶಿರಾ ರಸ್ತೆಯಲ್ಲಿ. ಆಟೋ, ಟ್ರ್ಯಾಕ್ಟರು, ಬೈಕುಗಳ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ. ಯಜಮಾನರು ಒಂದು ಸೋಮವಾರ ಬೆಳಿಗ್ಗೆ ಟೀ ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಕರ್ಮ ಎಲ್ಲ ಮುಗಿದ ಮಾರನೆಯ ದಿನವೇ ನಾನು ಷಟರ್ ಎತ್ತಿ ಮಿಷನ್ ಮುಂದೆ ಕೂತೆ. ಧೈರ್ಯ ಅಂದರು ಕೆಲವರು, ಕಲ್ಲುಮನಸ್ಸು ಅಂದರು ಕೆಲವರು. ಎರಡೂ ಅಲ್ಲ. ಮನೆಯಲ್ಲಿ ಕೂತರೂ ಅಷ್ಟೆ, ಅಂಗಡಿಯಲ್ಲಿ ಕೂತರೂ ಅಷ್ಟೆ ಅನ್ನಿಸಿತ್ತು. ಬೆರಳಿಗೆ ಸೂಜಿ ಹೊಕ್ಕರೂ ರೆಕ್ಸಿನ್ ಮೇಲೆ ರಕ್ತ ಕಂಡಮೇಲೇ ಗೊತ್ತಾಗುತ್ತಿದ್ದ ದಿನಗಳು ಅವು.

‘ಎರಡು ಸೀಟೈತೆ, ಹೊಲ್ಕೊಡ್ತೀಯೇನಮ್ಮ?’ ಅಂದರು.

‘ಯಾವ ಗಾಡಿ?’

‘ವಿಮಾನ.’

‘ರೆಕ್ಸಿನ್ನೋ, ಬಟ್ಟೆಯೋ?’ ಅಂದೆ.

ಅವರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಅಳತೆ ಬರೆದುಕೊಟ್ಟರು. ಆಮೇಲೆ ಹೇಳುತ್ತಿದ್ದರು: ‘ವಿಮಾನ ಅಂದಿದ್ದಕ್ಕೆ ಈ ಊರಲ್ಲಿ ಹಲ್ಲು ಕಿಸೀದೆ ಇದ್ದೋಳು ನೀನೊಬ್ಳೇ ಕಣಮ್ಮ.’ ನನಗೆ ನಗು ಬರಲಿಲ್ಲ, ಅಷ್ಟೆ. ಅದನ್ನು ಅವರು ದೊಡ್ಡ ಗುಣ ಅಂದುಕೊಂಡರು.

ಸೀಟು ಕೂರಿಸಿ ನೋಡಲು ಮಿಲ್ಲಿಗೆ ಹೋದೆ. ಹಳೆಯ ಹಿಂಡಿಯ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಕಡಲೆಕಾಯಿ ಸುಲಿಯುವ ಯಂತ್ರವನ್ನು ಮೂಲೆಗೆ ತಳ್ಳಿ, ನಡುವೆ ಅಲ್ಯುಮಿನಿಯಂ ಕೊಳವೆಗಳ ಹಂದರವೊಂದನ್ನು ನಿಲ್ಲಿಸಿದ್ದರು. ಇನ್ನೂ ರೆಕ್ಕೆ ಹಾಕಿರಲಿಲ್ಲ. ನಾನು ಸೀಟಿನ ಅಳತೆ ನೋಡುತ್ತಿದ್ದರೆ ಅವರು ನನ್ನ ಕೈ ನೋಡುತ್ತಿದ್ದರು.

‘ನಿನ್ನ ಕೈ ಸಣ್ಣಗೈತೆ. ಬಾಲದೊಳಗೆ ಹೋಗ್ತೈತೆ. ನಂದು ಮೊಣಕೈವರ್ಗೂ ಹೋಗಿ ನಿಂತ್ಕತೈತೆ.’

ಹೀಗೆ ನಾನು ಆ ಕೆಲಸಕ್ಕೆ ಸಿಕ್ಕಿಕೊಂಡೆ. ಮಧ್ಯಾಹ್ನ ಅಂಗಡಿಗೆ ಗಿರಾಕಿಗಳು ಕಮ್ಮಿ. ಮೂರರಿಂದ ಐದರವರೆಗೆ ಮಿಲ್ಲಿನಲ್ಲಿರುತ್ತಿದ್ದೆ. ಅವರ ಹೆಂಡತಿಯನ್ನು ನಾನು ಅತ್ತೆ ಅನ್ನುತ್ತಿದ್ದೆ. ಅವರು ನಾಲ್ಕು ಗಂಟೆಗೆ ಕಾಫಿ ಫ್ಲಾಸ್ಕು ಹಿಡಿದು ಬಂದು, ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, ‘ನಿಮ್ಮ ಮಾವನಿಗೆ ಹೇಳು, ಅವಳಿಗೂ ಒಂದು ಲೋಟ ಕೊಡ್ಲಿ,’ ಅನ್ನುತ್ತಿದ್ದರು. ಅವಳು ಅಂದರೆ ವಿಮಾನ.

ನಾವು ಹಿಡಿದ ಕೆಲಸ ರಡ್ಡರಿನದು. ವಿಮಾನದ ಬಾಲದ ತುದಿಯಲ್ಲಿ ಬಾಗಿಲಿನ ಹಾಗೆ ಅತ್ತಿತ್ತ ಆಡುವ ಒಂದು ಹಲಗೆ ಇರುತ್ತದೆ, ಅದು ರಡ್ಡರು. ದೋಣಿಗೆ ಚುಕ್ಕಾಣಿ ಇದ್ದಂತೆ. ಹಾರಿಸುವವರ ಕಾಲ ಬಳಿ ಎರಡು ಪೆಡಲು. ಒಂದೊಂದು ಪೆಡಲಿನಿಂದ ಒಂದೊಂದು ಉಕ್ಕಿನ ಕೇಬಲ್ ಹೊರಟು, ರಾಟೆಗಳ ಮೇಲೆ ಹಾದು, ಬಾಲದವರೆಗೂ ಹೋಗಿ ರಡ್ಡರಿನ ಅಕ್ಕಪಕ್ಕದ ಕಿವಿಗೆ ಸೇರುತ್ತದೆ. ಅದೇ ಪೆಡಲಿಗೆ ಮುಂದಿನ ಚಕ್ರವನ್ನೂ ಜೋಡಿಸಿರುತ್ತಾರೆ. ನೆಲದ ಮೇಲಾಗಲಿ, ಗಾಳಿಯಲ್ಲಾಗಲಿ, ಮೂತಿ ನೇರ ಇರುವುದು ಕಾಲಿನಿಂದ.

ಕೆಂಪು ದಾರದ ಕಥೆ ನನಗೆ ತಿಳಿದದ್ದು ಆಗ. ಒಂದು ಬೋಲ್ಟು ಹಾಕಿದರೆ, ಒಂದು ಕೇಬಲ್ ಬಿಗಿದರೆ, ಮಾಡಿದವರು ಅದಕ್ಕೊಂದು ಕೆಂಪು ದಾರ ಕಟ್ಟಬೇಕು. ಇದನ್ನಿನ್ನೂ ನಂಬಬೇಡಿ ಅಂತ ಅದರ ಅರ್ಥ. ಕಟ್ಟಿದವರು ಬಿಚ್ಚುವಂತಿಲ್ಲ. ಇನ್ನೊಬ್ಬರು ಬಂದು, ಬಗ್ಗಿ ನೋಡಿ, ಕೈಯಿಂದ ಮುಟ್ಟಿ, ಅಲ್ಲಾಡಿಸಿ, ಆಮೇಲೆ ಬಿಚ್ಚಬೇಕು.

‘ಮಾಡ್ದೋನೇ ನೋಡಿದ್ರೆ ನೋಡ್ದಂಗಲ್ಲ,’ ಅನ್ನುತ್ತಿದ್ದರು. ‘ಅವನ ಕಣ್ಣು ಮಾಡಿರೋದನ್ನ ನೋಡಲ್ಲ, ಮಾಡ್ಬೇಕು ಅಂದ್ಕೊಂಡಿದ್ದನ್ನ ನೋಡ್ತೈತೆ.’

ದಾರ ಬಿಚ್ಚಿದವರು ಹೇಳಬೇಕಾದ ಮಾತೂ ಒಂದಿತ್ತು. ಮೊದಲ ದಿನ ನಾನು ‘ಸರಿಯಾಗಿದೆ ಮಾವ’ ಅಂದೆ. ಅವರಿಗೆ ಸಿಟ್ಟು ಬಂತು. ‘ಸರಿ ಅನ್ನೋಕೆ ನೀನ್ಯಾರು, ನಾನ್ಯಾರು? ನೋಡಿದ್ದೀನಿ ಅನ್ನು. ಅಷ್ಟೇ ನಮ್ ಕೈಲಿರೋದು.’ ಅಂದಿನಿಂದ ಅದೇ ಮಾತು. ಮಾಡಿದವರು ‘ಮಾಡಿದ್ದೀನಿ’ ಅನ್ನುವುದು, ನೋಡಿದವರು ‘ನೋಡಿದ್ದೀನಿ’ ಅನ್ನುವುದು. ಒಂದೊಂದು ದಿನ ಆ ಎರಡು ಮಾತು ಬಿಟ್ಟರೆ ಬೇರೆ ಮಾತೇ ಇರುತ್ತಿರಲಿಲ್ಲ. ನನಗೆ ಅದು ಹಿತವಾಗಿತ್ತು. ಯಜಮಾನರ ವಿಷಯ ಎತ್ತದೆ ನನ್ನ ಜೊತೆ ಎರಡು ಗಂಟೆ ಕಳೆಯಬಲ್ಲವರು ಊರಿನಲ್ಲಿ ಅವರೊಬ್ಬರೇ ಇದ್ದರು.

ಎತ್ತಲೇ ಇಲ್ಲ ಅಂದರೆ ಸುಳ್ಳಾದೀತು. ಒಂದು ಸಲ ಕೇಬಲ್ ಬಿಗಿ ಮಾಡುವಾಗ ಅಂದರು: ‘ಸಡ್ಲ ಆಗಿದ್ರೆ ಎಷ್ಟು ತುಳಿದ್ರೂ ಆ ಕಡೆ ಏನೂ ಗೊತ್ತಾಗಲ್ಲ ನೋಡು. ಅಂಗಂತ ಕಿತ್ತೋಗೈತೆ ಅಂತಲ್ಲ. ದಿನಾ ಒಂದೊಂದೇ ಸುತ್ತು ಬಿಗೀಬೇಕು.’ ನನ್ನನ್ನೇ ಕುರಿತು ಹೇಳಿದ್ದು ಅಂತ ಗೊತ್ತಾಯಿತು. ನನಗೆ ಹಿಡಿಸಲಿಲ್ಲ. ‘ಸ್ಪ್ಯಾನರ್ ಕೊಡಿ ಮಾವ,’ ಅಂದೆ. ಮತ್ತೆ ಅವರು ಆ ದಾರಿಗೆ ಬರಲಿಲ್ಲ.

ಮೊದಲ ತಪ್ಪು ನನ್ನದೇ. ಎರಡು ಕೇಬಲನ್ನೂ ಬಾಲದೊಳಗೆ ಎಳೆದು ರಡ್ಡರಿಗೆ ಸೇರಿಸುವ ಕೆಲಸ ನನಗೆ ಕೊಟ್ಟು ಅವರು ಬ್ಯಾಂಕಿಗೆ ಹೋಗಿದ್ದರು. ನಾನು ದಿನಾ ಸ್ಕೂಟರ್ ಓಡಿಸುವವಳು. ಹ್ಯಾಂಡಲ್ಲಿನ ಎಡಗಡೆಯನ್ನು ಮುಂದಕ್ಕೆ ತಳ್ಳಿದರೆ ಚಕ್ರ ಬಲಕ್ಕೆ ತಿರುಗುತ್ತದೆ. ಇದೂ ಹಾಗೇ ಇರಬೇಕು, ಪೆಟ್ಟಿಗೆಯ ಜೊತೆ ಬಂದ ಪುಸ್ತಕದ ಚಿತ್ರವೇ ತಪ್ಪಿರಬೇಕು ಅಂತ ನನ್ನ ಬುದ್ಧಿ ಖರ್ಚು ಮಾಡಿ, ಎಡದ ಕೇಬಲನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಕೆಂಪು ದಾರ ಕಟ್ಟಿ, ‘ಮಾಡಿದ್ದೀನಿ’ ಅಂದೆ.

ಅವರು ಎಡ ಪೆಡಲ್ ಒತ್ತಿ, ಕತ್ತು ಹಿಂದಕ್ಕೆ ತಿರುಗಿಸಿ ನೋಡಿದರು. ಬೈಯಲಿಲ್ಲ. ಕೆಳಗಿಳಿದು ಬಂದು ಕೂತರು. ‘ನಿಮ್ ಮನೇಲಿ ಎತ್ತು ಇದ್ವಾ?’

‘ಇದ್ದವು.’

‘ಎಡದ ಹಗ್ಗ ಎಳೆದ್ರೆ ಎತ್ತು ಯಾವ ಕಡೆ ಹೋಯ್ತದೆ?’

‘ಎಡಕ್ಕೆ.’

‘ಇದು ಸ್ಕೂಟ್ರಲ್ಲ ಕಣಮ್ಮ, ಎತ್ತು. ಇಂಗೇ ಬುಟ್ಟಿದ್ರೆ ನಾನು ಎಡಕ್ಕೆ ಅಂತ ತುಳಿದು ಬಲಗಡೆ ಸೋಲಾರ್ ಪ್ಲೇಟ್ ಮೇಲೆ ಮಲಗಿರ್ತಿದ್ದೆ.’

ಸೋಲಾರ್ ಪ್ಲೇಟಿನ ಮಾತು ಸುಮ್ಮನೆ ಬಂದದ್ದಲ್ಲ. ರಾಯಚರ್ಲು ಕಡೆ ಅತ್ತೆಯ ತವರಿನವರದೊಂದು ಉದ್ದನೆಯ ಪಟ್ಟಿ ಜಮೀನಿತ್ತು. ಅದನ್ನೇ ಸಮ ಮಾಡಿಸಿ, ಓಡುದಾರಿ ಮಾಡಿಕೊಂಡಿದ್ದರು. ಒಂದು ಸಲ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಬಲಗಡೆ ಕಣ್ಣು ಹಾಯುವವರೆಗೂ ಸೋಲಾರ್ ಪ್ಲೇಟುಗಳು. ಎಡಗಡೆ ಬೀಳು, ಅಲ್ಲಿ ಕುರಿ. ಗಾಳಿ ಯಾವಾಗಲೂ ಅಡ್ಡ. ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದು, ‘ಏಂ ಸಾಮಿ, ಇಕ್ಕಡ ವಿಮಾನ ಎಗುರುತುಂದಾ?’ ಅಂದಳು. ಹಾರುತ್ತದೆ, ನಿನ್ನ ಕುರಿಗಳನ್ನು ಮಾತ್ರ ಆಚೆ ಹೊಡೆದುಕೋ ಅಂತ ಅವರು ಅವಳ ತೆಲುಗಿನಲ್ಲೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇಲ್ಲಿ ಕೈಗಿಂತ ಕಾಲು ಮುಖ್ಯ. ಗಾಳಿ ತಳ್ಳಿದ ಕೂಡ್ಲೇ ಕಾಲಿಗೆ ಗೊತ್ತಾಗ್ಬೇಕು, ತಲೆಗೆ ಗೊತ್ತಾಗೋದ್ರೊಳಗೆ,’ ಅಂದರು. ನಾನು ಹೂಂ ಅಂದೆ. ಆಗ ನಮ್ಮಿಬ್ಬರಿಗೂ ಏನೂ ಗೊತ್ತಿರಲಿಲ್ಲ.

ಕೇಬಲ್ ಸರಿಯಾಗಿ ಹಾಕಿ ಆಯಿತು. ಉಳಿದದ್ದು ನಡು ಹಿಡಿಯುವುದು. ಎರಡೂ ಪೆಡಲ್ ಸಮವಾಗಿದ್ದಾಗ ರಡ್ಡರು ನೇರ ನಿಲ್ಲಬೇಕು. ಮುಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಮೂತಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು, ಪೆಡಲುಗಳನ್ನು ಎರಡು ಮರದ ಪಟ್ಟಿಯ ನಡುವೆ ಬಿಗಿದು, ಕೇಬಲ್ ಹದ ಮಾಡಿದೆವು. ನಾನು ಬಾಲದ ಹತ್ತಿರ ನಿಂತು ನನ್ನ ಹೊಲಿಗೆಯ ಟೇಪಿನಲ್ಲಿ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪಟ್ಟಿ ತೆಗೆದೆವು, ಆಗಲೂ ನೇರ. ಅವರು ಹತ್ತಿ ಸೀಟಿನಲ್ಲಿ ಕೂತರು. ರಡ್ಡರು ಎರಡು ಬೆರಳಿನಷ್ಟು ಬಲಕ್ಕೆ ಹೋಯಿತು.

‘ಕಾಲು ತೆಗೀರಿ ಮಾವ.’

‘ತೆಗೆದಿದ್ದೀನಿ.’

ಇಳಿದರೆ ನೇರ, ಹತ್ತಿದರೆ ಎರಡು ಬೆರಳು ಬಲಕ್ಕೆ. ನಾಲ್ಕು ದಿನ ಇದೇ ಆಯಿತು. ರಾಟೆ ಬದಲಾಯಿಸಿದರು. ಕೇಬಲ್ ಬಿಚ್ಚಿ ಮತ್ತೆ ಹಾಕಿದರು. ಕೂತವರ ಭಾರಕ್ಕೆ ಹಂದರ ಬಾಗಿ ಕೇಬಲ್ ಎಳೆಯುತ್ತಿರಬೇಕು ಅನ್ನುವುದು ಅವರ ಲೆಕ್ಕ. ಐದನೆಯ ದಿನ ಎಲ್ಲಿಂದಲೋ ತಮ್ಮಷ್ಟೇ ತೂಕದ ಕಡಲೆಕಾಯಿ ಮೂಟೆ ತರಿಸಿ, ಇಬ್ಬರು ಹಮಾಲರ ಕೈಲಿ ಸೀಟಿನ ಮೇಲೆ ಕೂರಿಸಿದರು. ರಡ್ಡರು ಅಲ್ಲಾಡಲಿಲ್ಲ.

‘ಮೂಟೆ ಕೂತ್ರೆ ನೆಟ್ಟಗೆ, ನಾನು ಕೂತ್ರೆ ಸೊಟ್ಟ. ಇದಕ್ಕೂ ನನ್ ಕಂಡ್ರೆ ಆಗಲ್ಲ, ನಿಮ್ಮತ್ತೆ ಥರ,’ ಅಂತ ನಕ್ಕರು. ಹಮಾಲರೂ ನಕ್ಕರು.

ನಾನು ಟೇಪ್ ಸುತ್ತಿಕೊಂಡು ಅಂಗಡಿಗೆ ಬಂದೆ. ಒಂದು ಆಟೋ ಸೀಟಿಗೆ ಅಂಚು ಹೊಲಿಯಲು ಕೂತು ಮಿಷನ್ ತುಳಿಯುತ್ತಿದ್ದಾಗ ತಲೆಗೆ ಬಂತು. ಮೂಟೆಗೆ ಕಾಲಿಲ್ಲ.

ಮಾರನೆಯ ದಿನ ಅವರು ಹತ್ತಿ ಕೂತರು. ನಾನು ಬಾಲದ ಕಡೆ ಹೋಗಲಿಲ್ಲ. ಮುಂದೆ ಬಂದು ಬಗ್ಗಿ ಪೆಡಲ್ ನೋಡಿದೆ. ಹವಾಯಿ ಚಪ್ಪಲಿ ಹಾಕಿದ ಬಲಗಾಲು ಪೆಡಲಿನ ಮೇಲೆ ಇಡಿಯಾಗಿ ಊರಿಕೊಂಡಿತ್ತು.

‘ಕಾಲು ತೆಗೆದಿದ್ದೀರಾ ಮಾವ?’

‘ಎಷ್ಟು ಸಲ ಹೇಳ್ಲಿ? ತೆಗೆದಿದ್ದೀನಿ ಕಣಮ್ಮ.’

ಅವರು ಸುಳ್ಳು ಹೇಳುವವರಲ್ಲ. ಅವರ ಪಾಲಿಗೆ ಕಾಲು ಕೆಳಗಿತ್ತು. ಸಕ್ಕರೆ ಕಾಯಿಲೆ ಎಷ್ಟೋ ವರ್ಷದಿಂದ ಇದ್ದದ್ದು ನನಗೂ ಗೊತ್ತಿತ್ತು.

ಬಗ್ಗಿಕೊಂಡೇ ಲೆಕ್ಕ ಹಾಕಿದೆ. ಬಲದ ಕೇಬಲನ್ನು ಎರಡು ಸುತ್ತು ಸಡಿಲ ಮಾಡಿದ್ದರೆ ಅವರು ಕೂತಾಗ ರಡ್ಡರು ನೇರ ನಿಲ್ಲುತ್ತಿತ್ತು. ಅವರು ಖುಷಿಯಾಗಿ ರಾಯಚರ್ಲಿಗೆ ಹೋಗುತ್ತಿದ್ದರು. ಹೇಳಿದರೆ, ಅವರು ಇಡೀ ಜೀವಮಾನ ಕಾದದ್ದು ಅಲ್ಲಿಗೆ ಮುಗಿಯುತ್ತಿತ್ತು. ಇದೆಲ್ಲ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಗೊತ್ತಿತ್ತು ಅಷ್ಟೆ, ಎದೆಯಲ್ಲಿ ಏನೂ ಆಗಲಿಲ್ಲ. ಮರುಕ ಬರಲಿಲ್ಲ, ಭಯವೂ ಬರಲಿಲ್ಲ. ಈಗ ಅದನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ. ಎದೆ ನೆಟ್ಟಗಿದ್ದಿದ್ದರೆ ಬಹುಶಃ ಎರಡು ಸುತ್ತು ಸಡಿಲ ಮಾಡಿಬಿಡುತ್ತಿದ್ದೆ ಅಂತಲೂ ಅನ್ನಿಸುತ್ತದೆ.

ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲಿನಿಂದ ಎತ್ತಿದೆ. ಹಿಂದೆ ರಡ್ಡರು ಕಿರ್ ಅಂತ ನಡುವಿಗೆ ಬಂತು.

‘ಇದು ಯಾರ ಕಾಲು ಮಾವ?’

ಅವರು ಬಗ್ಗಿ ನೋಡಿದರು. ಚಪ್ಪಲಿ ಕಳಚಿತು. ಬೋಲ್ಟುಗಳಿಗೆ ಸುತ್ತುವ ಸಣ್ಣ ತಂತಿಯ ತುಂಡೊಂದು ಚಪ್ಪಲಿ ತೂರಿ ಅಂಗಾಲಿಗೆ ನಾಟಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು. ನಾನು ಎಳೆದು ತೆಗೆದೆ. ಅವರು ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದರು.

‘ಎಷ್ಟು ದಿನದಿಂದ ಹಿಂಗೆ?’ ಅಂದೆ.

‘ಗೊತ್ತಿಲ್ಲ ಕಣಮ್ಮ. ಗೊತ್ತಾಗಿದ್ರೆ ತೆಗೀತಿದ್ನಲ್ಲ.’

ಬಾಗಿಲಲ್ಲಿ ಅತ್ತೆ ಬಂದು ಫ್ಲಾಸ್ಕು ಇಟ್ಟು ಹೋದರು. ಆಮೇಲೆ ಮಾವ ಎದೆಯ ಗೊಂಚಲಿನಿಂದ ಒಂದು ಕೆಂಪು ದಾರ ಎಳೆದು, ತಮ್ಮ ಬಲಗಾಲಿನ ಹರಡಿಗೆ ಸುತ್ತಿ, ಎರಡು ಗಂಟು ಹಾಕಿದರು.

‘ನೀನು ನೋಡಿ ಬಿಚ್ಚೋವರ್ಗೂ ಇದು ಹಾರಂಗಿಲ್ಲ,’ ಅಂದರು.

ತುಮಕೂರಿನ ಡಾಕ್ಟರಿಗೆ ತೋರಿಸಿದರು, ಮಾತ್ರೆ ನುಂಗಿದರು, ಎಣ್ಣೆ ತಿಕ್ಕಿಸಿಕೊಂಡರು. ಪ್ರತಿ ಅಮಾವಾಸ್ಯೆಯ ಮಾರನೆಯ ದಿನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಬಲಗಾಲನ್ನು ಹಲಗೆಯ ಮೇಲೆ ಚಾಚುತ್ತಿದ್ದರು. ನಾನು ಅವರ ಕಣ್ಣು ಮುಚ್ಚಿಸಿ, ಸೂಜಿಯ ಹಿಂಬದಿಯಿಂದ ಒಂದೊಂದೇ ಬೆರಳು ಮುಟ್ಟಿ, ಯಾವ ಬೆರಳು ಅಂತ ಕೇಳುತ್ತಿದ್ದೆ. ‘ಕಿರುಬೆರಳು,’ ಅನ್ನುತ್ತಿದ್ದರು, ನಾನು ಹೆಬ್ಬೆರಳು ಮುಟ್ಟಿರುತ್ತಿದ್ದೆ. ಒಂದೊಂದು ಸಲ ನಾನು ಮುಟ್ಟುವ ಮೊದಲೇ ಹೇಳಿಬಿಡುತ್ತಿದ್ದರು. ಸೀಟು ಹೊಲಿಸಲು ಬಂದ ಟ್ರ್ಯಾಕ್ಟರಿನವರು ಇದೇನು ನಾಟಿ ವೈದ್ಯವೋ ಅಂತ ನೋಡುತ್ತಿದ್ದರು.

‘ಇನ್ನೂ ಇಲ್ಲ ಮಾವ.’

‘ಆಗ್ಲಿ ಬುಡು. ಬರೋ ಅಮಾಸೆಗೆ ನೋಡುವ.’

ಎಷ್ಟು ಅಮಾವಾಸ್ಯೆ ಹೀಗೆ ಹೋದವೋ ಎಣಿಸಿಲ್ಲ. ಒಂದು ಸಲವೂ ನನ್ನ ಹತ್ತಿರ ಜಗ್ಗಾಡಲಿಲ್ಲ. ಗಂಟು ಅವರ ಕಾಲಿನ ಮೇಲೇ ಇತ್ತು, ಮನೆಗೆ ಹೋಗಿ ಕತ್ತರಿಸಿಕೊಂಡರೆ ಕೇಳುವವರಿರಲಿಲ್ಲ. ಕತ್ತರಿಸಿಕೊಳ್ಳಲಿಲ್ಲ.

ವಿಮಾನ ಮಾತ್ರ ನಿಲ್ಲಲಿಲ್ಲ. ರೆಕ್ಕೆ ಬಂತು, ಎಂಜಿನ್ ಬಂತು, ದಿಲ್ಲಿಯಿಂದ ಅನುಮತಿಯ ಕಾಗದವೂ ಬಂತು. ಕೊನೆಗೆ ಅವರಿಗೆ ಕಲಿಸಿದ್ದ ಕ್ಲಬ್ಬಿನ ಮೇಡಂ ಒಬ್ಬರನ್ನು ಕರೆಸಿದರು. ರಾಯಚರ್ಲಿನ ಪಟ್ಟಿಯಲ್ಲಿ, ಬಿಸಿಲೇರುವ ಮೊದಲು, ರಡ್ಡರಿಗೆ ಅವರು ಕಟ್ಟಿದ್ದ ದಾರ ನಾನೇ ಬಿಚ್ಚಿ ‘ನೋಡಿದ್ದೀನಿ’ ಅಂದೆ. ಮೇಡಂ ಹತ್ತಿದರು. ವಿಮಾನ ಓಡಿತು. ಅಡ್ಡಗಾಳಿಗೆ ಮೂತಿ ಒಮ್ಮೆ ಸೋಲಾರ್ ಪ್ಲೇಟಿನ ಕಡೆ ವಾಲಿತು, ಮತ್ತೆ ನೇರವಾಯಿತು, ಆಮೇಲೆ ನೆಲ ಬಿಟ್ಟಿತು. ಜನ ಎಲ್ಲ ಮೇಲೆ ನೋಡುತ್ತಿದ್ದರು. ನಾನು ಅವರ ಕಾಲು ನೋಡುತ್ತಿದ್ದೆ. ನಿಂತಲ್ಲೇ ಎಡಗಾಲು ಚಪ್ಪಲಿಯೊಳಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಬಲಗಾಲು ಅಲ್ಲಾಡಲಿಲ್ಲ. ವಿಮಾನ ಇಳಿದು ನಿಂತಮೇಲೆ, ‘ನೆಟ್ಟಗೆ ಹೋಯ್ತು,’ ಅಂದರು. ಅಷ್ಟೇ ಅಂದರು.

ವಿಮಾನವನ್ನು ಅದೇ ಕ್ಲಬ್ಬಿಗೆ ಕೊಟ್ಟುಬಿಟ್ಟರು. ಮಿಲ್ಲು ಖಾಲಿಯಾಯಿತು. ‘ಸವತಿ ಹೋದ್ಳು, ಇನ್ನಾದ್ರೂ ಮನೇಲಿ ಕೂತ್ಕಳಿ,’ ಅಂದ ಅತ್ತೆಯೇ ಆ ದಿನ ಅತ್ತರಂತೆ.

ಹೋದ ವರ್ಷ ಒಂದು ಬೆಳಿಗ್ಗೆ, ಲಿಂಗಪೂಜೆಗೆ ಕೂತಲ್ಲೇ ಅವರು ಹೋದರು. ಅತ್ತೆ ಹೇಳಿಕಳಿಸಿದರು. ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸಿದ್ದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಕಾಲು ಮಡಿಸಿದ್ದರು. ಬಲಗಾಲಿನ ಹರಡಿನಲ್ಲಿ ದಾರ ಹಾಗೇ ಇತ್ತು. ಕೆಂಪು ಹೋಗಿ ಮಾಸಲು ಇಟ್ಟಿಗೆಯ ಬಣ್ಣ ಬಂದಿತ್ತು.

ಅತ್ತೆ ನನ್ನನ್ನು ಹತ್ತಿರ ಕರೆದರು. ‘ಸ್ವಾಮಿಗಳು ದಾರ ತೆಗೀರಿ ಅಂತವ್ರೆ ಕಣವ್ವ. ನಾನು ಕತ್ತರಿಸಕ್ಕೆ ಹೋದೆ, ಕೈ ಬರ್ಲಿಲ್ಲ. ಬದುಕಿದ್ದಾಗ ಒಂದಿನ ಮುಟ್ಟಕ್ಕೆ ಬುಡ್ಲಿಲ್ಲ. ನೀನೇ ಬಿಚ್ಚಬೇಕಂತೆ, ಬೇರೆ ಯಾರೂ ಬಿಚ್ಚಂಗಿಲ್ವಂತೆ.’

ನನಗೆ ಅಳು ಬಂದಿರಲಿಲ್ಲ. ಬರುತ್ತದೇನೋ ಅಂತ ದಾರಿಯುದ್ದಕ್ಕೂ ಕಾದಿದ್ದೆ. ಅವರ ಮುಂದೆ ಕೂತು, ಅವರು ಕಲಿಸಿದ ಹಾಗೇ ಮಾಡಿದೆ. ಬಗ್ಗಿ ನೋಡಿದೆ. ಪಾದವನ್ನು ಕೈಯಿಂದ ಮುಟ್ಟಿದೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದೇ ಒತ್ತಿದೆ, ಅಮಾವಾಸ್ಯೆಯ ಮಾರನೆಯ ದಿನಗಳಲ್ಲಿ ಒತ್ತುತ್ತಿದ್ದಂತೆ. ತಣ್ಣಗಿತ್ತು. ಆಮೇಲೆ ಗಂಟಿಗೆ ಕೈ ಹಾಕಿದೆ. ನೀರು ಕುಡಿದು ಕುಡಿದು ಬಿಗಿದುಹೋಗಿತ್ತು. ಹಿಂದೆ ಯಾರೋ ಬ್ಲೇಡು ಚಾಚಿದರು. ಬೇಡ ಅಂದೆ. ಉಗುರು ಸೀಳಿತು, ಈ ಸಲ ರಕ್ತ ಕಾಣುವ ಮೊದಲೇ ನೋವು ಗೊತ್ತಾಯಿತು. ಎರಡನೆಯ ಗಂಟು ಬಿಚ್ಚುವಾಗ ಕಣ್ಣಿಗೆ ಏನೂ ಕಾಣದಂತಾಗಿ ಬೆರಳಿನಿಂದಲೇ ಹುಡುಕಿ ಬಿಚ್ಚಿದೆ.

‘ಆಯ್ತೇನವ್ವ?’ ಅಂದರು ಅತ್ತೆ.

‘ನೋಡಿದ್ದೀನಿ,’ ಅಂದೆ.